ಟೊಮೆಟೊ ಕೆಂಪಾಗೋಕೆ ಯಾರ ಅಪ್ಪಣೆ ಬೇಕು?

ಇವತ್ತಿನ ಮಾತು ಟೊಮೆಟೊ ಬಗ್ಗೆ. ಬೆಲೆಯ ವಿಷಯ ಅಲ್ಲ, ಅದನ್ನ ನೀವು ದಿನಾ ಕೇಳ್ತಾನೇ ಇರ್ತೀರಿ. ಹಸಿರು ಕಾಯಿ ಕೆಂಪು ಹಣ್ಣಾಗುತ್ತಲ್ಲ, ಆ ಬಣ್ಣದ ವಿಷಯ.

ಕೋಲಾರದ ಕಡೆ ದೂರದ ಊರಿಗೆ ಹೋಗೋ ಮಾಲನ್ನು ಪೂರ್ತಿ ಹಣ್ಣಾಗೋವರೆಗೆ ಗಿಡದಲ್ಲಿ ಬಿಡಲ್ಲ. ದೋರೆಗಾಯಿ ಇರುವಾಗಲೇ ಕಿತ್ತು ಬಾಕ್ಸಿಗೆ ತುಂಬ್ತಾರೆ. ಲಾರಿ ಊರು ಮುಟ್ಟೋ ಹೊತ್ತಿಗೆ ಅದು ತಾನೇ ಬಣ್ಣ ತಿರುಗಿರುತ್ತೆ. ಎಥಿಲೀನ್ ಅನ್ನೋ ಅನಿಲ ಹುಟ್ಟುತ್ತೆ, ಹಸಿರು ಪತ್ರಹರಿತ್ತು ಕರಗುತ್ತೆ, ಲೈಕೋಪೀನ್ ಅನ್ನೋ ಕೆಂಪು ವರ್ಣದ್ರವ್ಯ ತುಂಬಿಕೊಳ್ಳುತ್ತೆ. ಇಷ್ಟು ಪಠ್ಯಪುಸ್ತಕದಲ್ಲೇ ಇದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಆ ಕೆಂಪು ಬಣ್ಣಕ್ಕೆ ಬೇಕಾದ ಜೀನ್‌ಗಳು ಹಣ್ಣಿನಲ್ಲಿ ಮಾತ್ರ ಅಲ್ಲ, ಎಲೆಯಲ್ಲೂ ಇವೆ, ಕಾಂಡದಲ್ಲೂ ಇವೆ, ಹೀಚುಕಾಯಿಯಲ್ಲೂ ಇವೆ. 2012ರಲ್ಲಿ ಟೊಮೆಟೊದ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದರು. ಆ ತಂಡದಲ್ಲಿ ಭಾರತದ ವಿಜ್ಞಾನಿಗಳೂ ಇದ್ದರು. ಸುಮಾರು 35,000 ಜೀನ್‌ಗಳ ಪಟ್ಟಿ ಸಿಕ್ಕಿತು. ಪಟ್ಟಿ ಏನೋ ಸಿಕ್ಕಿತು, ಆದರೆ ಹೀಚು ಯಾಕೆ ಕೆಂಪಾಗಲ್ಲ ಅನ್ನೋದಕ್ಕೆ ಬರೀ ಪಟ್ಟಿಯಲ್ಲಿ ಉತ್ತರ ಇಲ್ಲ.

ಒಂದು ದಪ್ಪ ಪುಸ್ತಕ ಅಂದ್ಕೊಳ್ಳಿ. ಕೆಲವು ಪುಟಗಳನ್ನು ಮಡಚಿ ಗುಂಡುಪಿನ್ನು ಚುಚ್ಚಿಟ್ಟಿದ್ದಾರೆ. ಒಳಗಿನ ಅಕ್ಷರ ಒಂದೂ ಬದಲಾಗಿಲ್ಲ, ಆದರೆ ಓದೋಕೆ ಆಗಲ್ಲ. ಡಿಎನ್‌ಎ ಮೇಲೆ ಈ ಪಿನ್ನಿನ ಕೆಲಸ ಮಾಡೋದು ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು. ಅಕ್ಷರ ಮುಟ್ಟದೆ ಓದನ್ನು ತಡೆಯೋ, ಬಿಡೋ ಇಂಥ ವ್ಯವಸ್ಥೆಗೇ ಎಪಿಜೆನೆಟಿಕ್ಸ್ ಅಂತ ಹೆಸರು.

ಇದು ಬರೀ ಹೋಲಿಕೆ ಅಲ್ಲ ಅಂತ ತೋರಿಸಿಕೊಟ್ಟಿದ್ದು ಒಂದು ವಿಚಿತ್ರ ಗಿಡ. ಅದರ ಹಣ್ಣು ಕೆಂಪಾಗೋದೇ ಇಲ್ಲ. ಸಿಪ್ಪೆ ಹಳದಿ, ಒಳಗಿನ ತಿರುಳು ಬಣ್ಣವಿಲ್ಲದೆ ಹಿಟ್ಟುಹಿಟ್ಟು. ವಿಜ್ಞಾನಿಗಳು ಇದನ್ನ ಸಿಎನ್‌ಆರ್ ಅಂತ ಕರೀತಾರೆ. ಯಾವ ಅಕ್ಷರ ತಪ್ಪಿದೆ ಅಂತ ಹುಡುಕಿದರು. ತಪ್ಪೇ ಸಿಗಲಿಲ್ಲ! 2006ರಲ್ಲಿ ಬ್ರಿಟನ್ನಿನ ಗ್ರಹಾಂ ಸೀಮೂರ್ ಮತ್ತು ಸಂಗಡಿಗರು ವರದಿ ಮಾಡಿದರು: ಜೀನ್ ಸರಿಯಾಗಿಯೇ ಇದೆ, ಅದರ ಮುಂದಿನ ಭಾಗದಲ್ಲಿ ಮೀಥೈಲ್ ಗುರುತು ವಿಪರೀತ ಸೇರಿಕೊಂಡಿದೆ. ಅದಕ್ಕಿಂತ ಸೋಜಿಗ ಅಂದ್ರೆ, ಈ ಗುರುತು ಬೀಜದ ಮೂಲಕ ಮುಂದಿನ ಪೀಳಿಗೆಗೂ ಹೋಗುತ್ತೆ. ಅಪರೂಪಕ್ಕೊಮ್ಮೆ ಅದೇ ಬಿಳಿಚಿದ ಹಣ್ಣಿನ ಮೇಲೆ ಒಂದು ಕೆಂಪು ಪಟ್ಟೆ ಮೂಡೋದೂ ಉಂಟು.

2013ರಲ್ಲಿ ಇನ್ನೊಂದು ಪ್ರಯೋಗ ನಡೀತು. ಮೀಥೈಲ್ ಗುರುತು ಕೂರದಂತೆ ತಡೆಯೋ ಔಷಧವನ್ನು ಎಳೆಯ ಕಾಯಿಗೆ ಚುಚ್ಚಿದರು. ಒಳಗೆ ಬೀಜ ಬಲಿತೇ ಇರಲಿಲ್ಲ, ಅಷ್ಟರಲ್ಲೇ ಕಾಯಿ ಹಣ್ಣಾಗೋಕೆ ಶುರುವಾಯ್ತು. ನನ್ನ ಪ್ರಕಾರ ಈ ಇಡೀ ಕಥೆಯ ತಿರುಳೇ ಇದು. ಬಣ್ಣ ಅಂದ್ರೆ ಗಿಡ ಹಕ್ಕಿ, ಪ್ರಾಣಿಗಳಿಗೆ ಕಳಿಸೋ ಕರೆಯೋಲೆ. ಬೀಜ ಬಲಿಯೋ ಮುಂಚೆ ತಿಂದುಬಿಟ್ಟರೆ ವಂಶವೇ ಹೋಯ್ತು. ಅದಕ್ಕೇ ಬೀಗ. ಬೀಜ ಬಲಿತ ಮೇಲೆ ಆ ಗುರುತು ಅಳಿಸೋ ಒಂದು ಕಿಣ್ವ ಚುರುಕಾಗುತ್ತೆ. 2015ರಲ್ಲಿ ಆ ಕಿಣ್ವವನ್ನು ಅಡಗಿಸಿ ನೋಡಿದರು, ಹಣ್ಣಾಗೋದೇ ತಡೆದುಹೋಯ್ತು.

ಹಾಗಂತ ಎಲ್ಲಾ ಬಗೆಹರಿದಿದೆ ಅಂತಲ್ಲ. ಸಿಎನ್‌ಆರ್ ಗಿಡದಲ್ಲಿ ಬಾಯಿ ಮುಚ್ಚಿದ್ದ ಆ ಜೀನನ್ನೇ ಆಮೇಲೆ ಕ್ರಿಸ್ಪರ್ ತಂತ್ರದಿಂದ ಕೆಡಿಸಿ ನೋಡಿದರು. ಹಣ್ಣು ಸ್ವಲ್ಪ ತಡವಾಯ್ತು ಅಷ್ಟೇ, ಆದರೆ ಕೆಂಪಾಯ್ತು. ಅಂದ್ರೆ ಆ ಒಂದು ಜೀನ್ ಮೇಲಷ್ಟೇ ಹೊಣೆ ಹೊರಿಸೋಕಾಗಲ್ಲ. ಹೊಸ ತಳಿ ಮಾಡೋರಿಗೆ ಇದು ಸಣ್ಣ ತಲೆನೋವಲ್ಲ. ಅಕ್ಷರ ಮಾತ್ರ ಓದೋ ಪರೀಕ್ಷೆಗೆ ಈ ಗುರುತುಗಳು ಕಾಣೋದೇ ಇಲ್ಲ.

ಇನ್ನು ಅಡುಗೆಮನೆಗೆ ಬರೋಣ. ಅಮೆರಿಕದ ಫ್ಲಾರಿಡಾದಲ್ಲಿ ಹ್ಯಾರಿ ಕ್ಲೀ ಅವರ ತಂಡ ಟೊಮೆಟೊಗಳನ್ನು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಟ್ಟು, ಆಮೇಲೆ ಒಂದು ದಿನ ಹೊರಗಿಟ್ಟು ಪರೀಕ್ಷೆ ಮಾಡಿತು. ಫಲಿತಾಂಶ ಪ್ರಕಟವಾಗಿದ್ದು 2016ರಲ್ಲಿ. ಸಕ್ಕರೆ, ಹುಳಿ ಎರಡೂ ಹಾಗೇ ಇದ್ದವು. ಪರಿಮಳ ಕೊಡೋ ವಸ್ತುಗಳು ಮಾತ್ರ ಇಳಿದಿದ್ದವು. ತಿಂದು ನೋಡಿದವರಿಗೂ ರುಚಿ ಕಮ್ಮಿ ಅನ್ನಿಸಿತು. ಚಳಿಗೆ, ಪರಿಮಳಕ್ಕೆ ಸಂಬಂಧಪಟ್ಟ ಜೀನ್‌ಗಳ ಮೇಲೆ ಮೀಥೈಲ್ ಗುರುತು ಹೆಚ್ಚಾಗಿತ್ತು. ಹೊರಗಿಟ್ಟ ಮೇಲೆ ಗುರುತು ಬಹುಪಾಲು ಇಳಿಯಿತು, ಪರಿಮಳ ಪೂರ್ತಿ ಮರಳಲಿಲ್ಲ. ಈಗ ಯೋಚಿಸಿ, ಕೆಂಪು ನೋಡಿ ಆರಿಸೋ ನಮಗೆ ಅಂಗಡಿಯಲ್ಲಿ ಇದು ಗೊತ್ತಾಗೋದು ಹೇಗೆ?

ಮನೇಲಿ ದೋರೆಗಾಯಿ ಇದ್ದರೆ ಫ್ರಿಜ್ಜಿಗೆ ತಳ್ಳೋ ಆತುರ ಬೇಡ, ಬುಟ್ಟೀಲಿ ಗಾಳಿಯಾಡೋ ಕಡೆ ಇಡಿ. ಮೆತ್ತಗಾಗಿದ್ದರೆ ಅವತ್ತೇ ಸಾರಿಗೆ ಹಾಕ್ಬಿಡಿ.