ಸಸಿಯು ಕಾವನ್ನು ಅರಿಯುವ ಬಗೆ

ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ವೈಟ್‌ಫೀಲ್ಡಿನಲ್ಲಿ ಇಂದು ಕಾಂಕ್ರೀಟು ಹಗಲೆಲ್ಲ ಹೀರಿದ ಕಾವನ್ನು ಇರುಳೆಲ್ಲ ಹೊರಸೂಸುತ್ತದೆ. ಅಲ್ಲಿನ ಕುಂಡದ ಸಾಸಿವೆ ಸಸಿ ನೀಳವಾಗಿ ಬೆಳೆದರೆ ನಾವು ಹಿಗ್ಗುವೆವು. ಆದರೆ ಅದು ಪುಷ್ಟಿಯ ಲಕ್ಷಣವೇ ಆಗಬೇಕೆಂದಿಲ್ಲ. ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಕಿರುಸಸ್ಯವು, 20 ಡಿಗ್ರಿಗಿಂತ 28 ಡಿಗ್ರಿಯ ಕಾವಿನಲ್ಲಿ ನೀಳವಾದ ಕಾಂಡವನ್ನು ತಳೆದು, ಎಲೆಗಳನ್ನು ಮೇಲೆತ್ತಿ, ಬೇಗನೆ ಹೂಬಿಡುವುದು. ಬೆಳಕನ್ನರಿಯುವ ಫೈಟೋಕ್ರೋಮ್ ಬಿ ಎಂಬ ಪ್ರೋಟೀನೇ ಕಾವನ್ನೂ ಅಳೆಯುವುದೆಂದು 2016ರಲ್ಲಿ ತಿಳಿದುಬಂದಿತು. ಕಾಂಡದ ಬೆಳವಣಿಗೆಗೆ ಅದು ಕಡಿವಾಣ. ಇರುಳು ಬೆಚ್ಚಗಿದ್ದಷ್ಟೂ ಆ ಕಡಿವಾಣ ಬೇಗ ಸಡಿಲುವುದು. ಎಲೆಗಳು ಬಿಸಿನೆಲದಿಂದ ಮೇಲೆದ್ದು ಗಾಳಿಗೆ ತಂಪಾಗುವುದು ಸಸಿಗೆ ಲಾಭವೇ. ಆದರೆ ಪೈರು ಅವಸರದಿಂದ ಮಾಗಿದರೆ ಕಾಳು ತುಂಬಲು ಕಾಲ ಸಾಲದು. ನೆರೆಯ ಹೊಸಕೋಟೆಯ ಹೊಲಗಳಿಗೂ ಈ ಬೆಚ್ಚನೆಯ ಇರುಳು ಹಬ್ಬಿದರೆ, ಸಸಿಯ ಜಾಣ್ಮೆಯೇ ರೈತನಿಗೆ ನಷ್ಟವಾದೀತು.