ಮಿದುಳಿಗೆ ಹೋಗುವ ನಾಲ್ಕು ಕಾಲುವೆ



ನಾನು ಡಾಕ್ಟರ್ ಅಲ್ಲ, ಬಿಎ ಓದುತ್ತಿರುವ ನಿಮ್ಮ ಬೀದಿಯ ಹುಡುಗ. ಆದರೂ ಇವತ್ತು ಮಿದುಳಿನ ಬಗ್ಗೆ ನಾಲ್ಕು ಮಾತು ಹೇಳ್ತೀನಿ. ನಮ್ಮ ಜನಕ್ಕೆ ಬುದ್ಧಿ ಕಡಿಮೆ ಎಂದು ಹೇಳಿಕೊಂಡು ಬಂದವರು ಬಹಳ. ಬಾಬಾಸಾಹೇಬರು 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ದೇಹದ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗದವರು ಎಂದು ವಾದಿಸಿದರು. ತಲೆಬುರುಡೆಯ ಒಳಗೆ ಜಾತಿ ಇಲ್ಲ. ದೊಡ್ಡವರಾದ ಮೇಲೆ ಯಾರದ್ದಾದರೂ ಸುಮಾರು 1,300ರಿಂದ 1,400 ಗ್ರಾಂ ತೂಕದ ಮೆತ್ತನೆಯ ಮಿದುಳೇ.

ಅದರಲ್ಲಿ ಮುಖ್ಯವಾಗಿ ಮೂರು ಭಾಗ. ಮೇಲಿರುವ ದೊಡ್ಡ ಮಿದುಳು ಯೋಚನೆ, ಮಾತು, ಕೈಕಾಲಿನ ಕೆಲಸ ನೋಡುತ್ತೆ. ಹಿಂದೆ ಕೆಳಗಿರುವ ಕಿರುಮಿದುಳು ನಾವು ತೂರಾಡದಂತೆ ಹಿಡಿಯುತ್ತೆ. ಮಿದುಳಿನ ಕಾಂಡ ಉಸಿರು, ಎದೆಬಡಿತ ನಡೆಸುತ್ತೆ. ಎಡ ಮಿದುಳು ಬಲಗೈಯನ್ನು ಆಡಿಸುತ್ತೆ, ಬಲ ಮಿದುಳು ಎಡಗೈಯನ್ನು. ಮಾತಿನ ಜಾಗ ಹೆಚ್ಚಿನವರಿಗೆ ಎಡಗಡೆ.

ದೇಹದ ತೂಕದಲ್ಲಿ ಮಿದುಳು ನೂರಕ್ಕೆ 2 ಪಾಲು ಮಾತ್ರ. ಆದರೆ ಹೃದಯ ಕಳಿಸುವ ರಕ್ತದಲ್ಲಿ ನೂರಕ್ಕೆ 15ರಷ್ಟು ಅದಕ್ಕೇ ಬೇಕು. ಆ ರಕ್ತ ನಾಲ್ಕು ರಕ್ತನಾಳಗಳಲ್ಲಿ ಏರುತ್ತೆ: ಕತ್ತಿನ ಮುಂದೆ ಎರಡು ಕ್ಯಾರೊಟಿಡ್, ಹಿಂದೆ ಕತ್ತಿನ ಮೂಳೆಯೊಳಗೆ ಎರಡು ವರ್ಟೆಬ್ರಲ್. ನಾಲ್ಕೂ ಮಿದುಳಿನ ಬುಡದಲ್ಲಿ ಒಂದು ಬಳೆಯಂತೆ ಸೇರುತ್ತವೆ. 1664ರಲ್ಲಿ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದ್ದರಿಂದ ಅದಕ್ಕೆ ವಿಲ್ಲಿಸ್ ವೃತ್ತ ಎಂದು ಹೆಸರು.

ನಮ್ಮ ಸೂಲೂರಿನ ಕೆರೆಗಳಿಗೆ ನೊಯ್ಯಲ್ ನೀರು ಬರುತ್ತೆ. ಕಾಲುವೆ ಮುಚ್ಚಿದರೂ ಕೆರೆ ಬತ್ತಲು ದಿನಗಳು ಬೇಕು, ಕೆರೆಯಲ್ಲಿ ನೀರು ನಿಂತಿರುತ್ತಲ್ಲ! ಮಿದುಳಿನಲ್ಲಿ ಹಾಗೆ ಕೂಡಿಟ್ಟದ್ದು ಏನೂ ಇಲ್ಲ. ರಕ್ತ ನಿಂತ ಕೆಲವೇ ನಿಮಿಷಕ್ಕೆ ಅದರ ಕಣಗಳು ಸಾಯತೊಡಗುತ್ತವೆ. ನಾಳ ಕಟ್ಟಿಕೊಂಡರೂ ಒಡೆದರೂ ಅದೇ ಲಕ್ವ. ಅದು ಗಾಳಿ ಸೋಕಿದ್ದಲ್ಲ, ಯಾರೋ ಮಾಡಿಸಿದ್ದಲ್ಲ.

ಮೂರು ಗುರುತು ನೆನಪಿಡಿ. ನಕ್ಕರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತಾ? ಎರಡೂ ಕೈ ಎತ್ತಿದರೆ ಒಂದು ಬೀಳುತ್ತಾ? ಮಾತು ತೊದಲುತ್ತಾ? ಒಂದು ಕಂಡರೂ ಗಂಟೆ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ, ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ತಿಳಿಯಲು ತಲೆಯ ಸ್ಕ್ಯಾನ್ ಬೇಕೇ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಯಮತ್ತೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ನಮ್ಮ ತಿರುಚ್ಚಿ ರಸ್ತೆಯಲ್ಲೇ ಇದೆ.

ಇದಕ್ಕೆ ದೊಡ್ಡ ಕಾರಣ ಬಿಪಿ. ಅದು ನೋವು ಕೊಡದೆ ಒಳಗೇ ನಾಳವನ್ನು ಹಾಳುಮಾಡುತ್ತೆ. ತಲೆನೋವಿಲ್ಲ ಎಂದು ಮಾತ್ರೆ ನಿಲ್ಲಿಸುವವರು ನಮ್ಮ ಬೀದಿಯಲ್ಲೇ ಇದ್ದಾರೆ. ರಾತ್ರಿ ಪಾಳಿಯ ಮಗ್ಗದವರಿಗೆ, ಬೆಳಗಿನ ಜಾವ ಕಸ ಗುಡಿಸಲು ಹೋಗುವ ಅಕ್ಕಂದಿರಿಗೆ ಆಸ್ಪತ್ರೆ ಸಾಲಲ್ಲಿ ನಿಲ್ಲಲು ಒಂದು ದಿನದ ಕೂಲಿ ಹೋಗುತ್ತೆ. 2021ರಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಬಿಪಿ, ಶುಗರ್ ಮಾತ್ರೆ ಮನೆಗೇ ಬರುತ್ತೆ. ಅದು ನಮ್ಮ ಹಕ್ಕು, ಕೇಳಿ ಪಡೆಯೋಣ.

ದುಡಿಯುವ ಮನೆಯಲ್ಲಿ ಒಂದು ಬಲಗೈ ಬಿದ್ದರೆ ಮಕ್ಕಳ ಓದು ನಿಲ್ಲುತ್ತೆ. ಆದ್ದರಿಂದ ಯುವಕರಲ್ಲಿ ಒಂದೇ ಕೋರಿಕೆ: ಈ ತಿಂಗಳು ನಿಮ್ಮ ನಿಮ್ಮ ಮನೆಯಲ್ಲಿ ಮೂವತ್ತು ದಾಟಿದ ಎಲ್ಲರಿಗೂ ಬಿಪಿ ನೋಡಿಸಿ.

ಜೈ ಭೀಮ್.