ತಾಯಿಯ ತವರನ್ನು ಹುಡುಕಿ



ತಂದೆಯ ಕಡೆಯ ಐದಾರು ತಲೆಮಾರುಗಳ ಹೆಸರು ಹೇಳಬಲ್ಲವರು ಈ ಸಭೆಯಲ್ಲಿ ಅನೇಕರಿರಬಹುದು. ತಾಯಿಯ ತಾಯಿ ಹುಟ್ಟಿದ ಮನೆ ಯಾವುದು, ಹೆತ್ತವರು ಆಕೆಗಿಟ್ಟ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಟ್ಟೇವು? ಮದುವೆಯೊಡನೆ ಹೆಣ್ಣಿನ ಅಡ್ಡಹೆಸರು ಬದಲಾಗುತ್ತದೆ. ಹಲವು ಮನೆತನಗಳಲ್ಲಿ ಹುಟ್ಟುಹೆಸರೂ ಮರೆಯಾಗುತ್ತದೆ. ಎತ್ತನ್ನೇರಿ ಬಂದು ವಂಶಾವಳಿ ಹೇಳುವ ಹೆಳವರ ಹೊತ್ತಗೆಯಲ್ಲಿಯೂ ಗಂಡುಸಂತತಿಯದೇ ಮುಖ್ಯ ಎಳೆ.

ಸಾಂಗಲಿಯ ಕನ್ನಡಿಗರಿಗೆ ಈ ತೊಡಕು ಇನ್ನೂ ಹೆಚ್ಚಿನದು. 1801ರಲ್ಲಿ ಮಿರಜಿನಿಂದ ಬೇರೆಯಾದ ಸಾಂಗಲಿ ಸಂಸ್ಥಾನದ ನೆಲ ಒಂದೇ ಕಡೆ ಕೂಡಿದ್ದುದಲ್ಲ. ಮಿರಜ ಪ್ರಾಂತ, ಕುಚಿ, ಮಂಗಳವೇಢೆಗಳು ಇತ್ತಲಾದರೆ, ತೇರದಾಳ, ಶಹಾಪುರ, ಶಿರಹಟ್ಟಿಗಳು ಅತ್ತ. ನೌಕರಿಗೆಂದು, ವ್ಯಾಪಾರಕ್ಕೆಂದು ಅತ್ತಣ ಜನ ಸಾಂಗಲಿಗೆ ಬಂದರು, ಬೀಗತನಗಳೂ ಬೆಳೆದವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ 1ರಂದು ತೇರದಾಳ, ಶಹಾಪುರ, ಶಿರಹಟ್ಟಿಗಳು ಮೈಸೂರು ರಾಜ್ಯವನ್ನು ಸೇರಿದವು. ಸಾಂಗಲಿಯು ಮುಂಬಯಿ ರಾಜ್ಯದಲ್ಲುಳಿದು 1960ರ ಮೇ 1ರಂದು ಮಹಾರಾಷ್ಟ್ರದ್ದಾಯಿತು. ಮಗಳ ಮನೆ ಒಂದು ರಾಜ್ಯದಲ್ಲಿ, ತವರು ಮತ್ತೊಂದರಲ್ಲಿ ಎಂಬಂತಾಯಿತು.

ಸ್ವಂತದ ಮಾತನ್ನು ಹೇಳುವುದಕ್ಕೆ ಸಭೆಯು ಕ್ಷಮಿಸಬೇಕು. ನಮ್ಮ ತಾಯಿಯ ತಾಯಿ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು. ದೇಶದಲ್ಲಿ ಕೋಟಿಗೂ ಮಿಗಿಲಾದ ಜನರನ್ನು ಒಯ್ದ ಬೇನೆ ಅದು. ನಮ್ಮ ತಾಯಿ ಆಗ ಹಾಲುಗೂಸು. ಅಜ್ಜ ಮರುಮದುವೆಯಾದರು, ಹಳೆಯ ಬೀಗರ ಹೋಗಿಬರುವಿಕೆ ನಿಂತಿತು. ತಾಯಿಯ ಪಾಲಿಗೆ ಉಳಿದದ್ದು ಒಂದು ಹಿತ್ತಾಳೆಯ ತಂಬಿಗೆ ಮಾತ್ರ. ಅದರ ಕೊರಳಿನ ಸುತ್ತ ಏನೋ ಕೊರೆದಿತ್ತು. ಮನೆಯ ಮಾತು ಕನ್ನಡವಾದರೂ ತಾಯಿ ಕಲಿತ ಓದು ಮರಾಠಿ. ಆ ಗೀರುಗಳನ್ನು ಅವರು ಹೂಬಳ್ಳಿಯೆಂದೇ ತಿಳಿದಿದ್ದರು. ನಮಗೂ ಕನ್ನಡದ ಓದು ಬಂದದ್ದು ತಡವಾಗಿ. ತಾಯಿ ತೀರಿದ ಮರುವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಅಕ್ಷರಗಳು ಕಂಡವು: ಉಡುಗೊರೆ ಕೊಟ್ಟ ತಂದೆಯ ಹೆಸರು, ಅಡ್ಡಹೆಸರು, ಕೊನೆಗೆ ‘ತೇರದಾಳ’.

ಮಿರಜಿನಿಂದ ರೈಲು ಹತ್ತಿ, ಉಗಾರದಾಚೆ ಕೃಷ್ಣೆಯನ್ನು ದಾಟಿ, ಕುಡಚಿಯಲ್ಲಿಳಿದು ತೇರದಾಳಕ್ಕೆ ಹೋದೆವು. ಅಡ್ಡಹೆಸರು ಹೇಳಿದೊಡನೆ ಮನೆ ತೋರಿಸಿದರು. ಅಲ್ಲಿನ ಹಿರಿಯ ಸೊಸೆ, ಸಂಬಂಧದಲ್ಲಿ ನಮಗೆ ಅತ್ತೆಯಾಗಬೇಕಾದವರು, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಕೂಸೂ ಉಳಿಯಲಿಲ್ಲವೆಂಬ ಸುದ್ದಿ ಆ ಮನೆಗೆ ಮುಟ್ಟಿತ್ತಂತೆ. ಆದರೂ ಪ್ರತಿ ನಾಗರಪಂಚಮಿಗೆ, ಹೆಣ್ಣುಮಕ್ಕಳು ತವರಿಗೆ ಬರುವ ದಿನ, ಸಾಂಗಲಿಗೆ ಕೊಟ್ಟ ಮಗಳ ಹೆಸರಿನಲ್ಲಿ ಮುತ್ತಜ್ಜಿ ಬದುಕಿರುವವರೆಗೆ ಒಂದು ಕುಬುಸದ ಖಣ ತೆಗೆದಿಡುತ್ತಿದ್ದರೆಂದು ಆಕೆ ಹೇಳಿದರು. ಅಜ್ಜಿಯ ಹುಟ್ಟುಹೆಸರನ್ನು ನಾವು ಕೇಳಿದ್ದು ಅಂದೇ. ಅದನ್ನು ಕೇಳಬೇಕಾಗಿದ್ದ ನಮ್ಮ ತಾಯಿ ಇರಲಿಲ್ಲ. ಆ ಹೆಸರನ್ನು ಮೊಮ್ಮಗಳಿಗೆ ಇಟ್ಟಿದ್ದೇವೆ.

ಆದುದರಿಂದ ಸಭಾಸದರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯ ಹಿರಿಯ ತಾಯಂದಿರು ಇರುವಾಗಲೇ ಅವರ ಹುಟ್ಟುಹೆಸರು, ತವರೂರು, ಆ ಮನೆತನದ ಅಡ್ಡಹೆಸರು, ಕುಲದೇವರು, ಈ ನಾಲ್ಕನ್ನು ಕೇಳಿ ಬರೆದಿಡಿರಿ. ಹಳೆಯ ಪಾತ್ರೆಗಳನ್ನು ಮೋಡಿಗೆ ಹಾಕುವ ಮುನ್ನ ಅವುಗಳ ಮೇಲಿನ ಬರಹವನ್ನು ಓದಿರಿ. ಮೋಡಿ ಲಿಪಿಯ ಕಾಗದಗಳಿದ್ದರೆ ಬಲ್ಲವರಿಂದ ಓದಿಸಿರಿ. ಮಹಾಲಯದಲ್ಲಿ ಮಾತಾಮಹರ ಮೂರು ತಲೆಗಳನ್ನು ಹೇಳುವ ಪದ್ಧತಿಯುಳ್ಳ ಮನೆಗಳಲ್ಲಿ ಆ ಹೆಸರುಗಳನ್ನೂ ಗುರುತು ಮಾಡಿಕೊಳ್ಳಿರಿ.

ಇದರ ಜೊತೆಗೆ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸಿರಿ. ಮರಾಠಿ ನಮಗೆ ಅನ್ನವನ್ನೂ ನೆರೆಯನ್ನೂ ಕೊಟ್ಟ ಭಾಷೆ. ಅದನ್ನು ಕಡೆಗಣಿಸಬೇಕೆಂಬುದು ನಮ್ಮ ಮಾತಲ್ಲ. ಆದರೆ ತೊಂಬತ್ತು ವರ್ಷ ಬಾಳಿದ ತಾಯಿಯೊಬ್ಬಳು ತನ್ನ ತವರಿನ ಹೆಸರನ್ನು ದಿನವೂ ಕೈಯಲ್ಲಿ ಹಿಡಿದು ನೀರು ಕುಡಿದಳು, ಓದಲಾರದೆ ಹೋದಳು. ನಮ್ಮ ಮಕ್ಕಳಿಗೆ ಹಾಗಾಗದಿರಲಿ ಎಂದು ಹಾರೈಸುತ್ತೇವೆ.